ಇತಿಹಾಸದ ಒಲವು ಬೆಳೆದಾಗ: ಯಾವ ಬಾಗಿಲು ತಟ್ಟಬೇಕು?

ಮ್ಯೂಸಿಯಂಗೆ ಹೋದಾಗ ಜೊತೆಯವರೆಲ್ಲ ಮುಂದಿನ ಕೋಣೆಗೆ ಹೋದ ಮೇಲೂ ಒಂದೇ ಗಾಜಿನ ಪೆಟ್ಟಿಗೆಯ ಮುಂದೆ ನಿಂತೇ ಇರುವವರು ಕೆಲವರಿರುತ್ತಾರೆ. ಹಳೆಯ ಬೀಗವೊಂದನ್ನು ಕಂಡರೆ ಅದರ ಕೀಲಿ ಯಾರ ಸೊಂಟದಲ್ಲಿತ್ತೋ ಎಂದು ಯೋಚಿಸುವವರು. ನೀವೂ ಅಂಥವರಾಗಿದ್ದರೆ ಒಂದಲ್ಲ ಒಂದು ದಿನ ಓದಿದ್ದು, ನೋಡಿದ್ದು ಸಾಲದು ಅನಿಸುತ್ತದೆ. ಇದರಲ್ಲಿ ನಾನೂ ಕೈ ಹಾಕಬೇಕು ಅನಿಸುತ್ತದೆ.

ಆಗ ಒಂದಲ್ಲ, ಆರೇಳು ದಾರಿ ಕಾಣುತ್ತವೆ. ಮನೆಯಲ್ಲೇ ಕೂತು ಹಳೆಯ ಕೈಬರಹದ ಪುಟಗಳನ್ನು ಟೈಪ್ ಮಾಡಿಕೊಡಬಹುದು. ಮ್ಯೂಸಿಯಂನಲ್ಲಿ ಗೈಡ್ ಆಗಬಹುದು. ಜನ ಕಾಲಿಡದ ಸ್ಟೋರ್‌ನಲ್ಲಿ ವಸ್ತುಗಳ ಜೊತೆ ಕೆಲಸ ಮಾಡಬಹುದು. ಹಳೆಗಾಲದ ಉಡುಪು ತೊಟ್ಟು, ಆ ಕಾಲದ ಕಾಳಗ, ಕ್ಯಾಂಪಿನ ಬದುಕನ್ನು ಮತ್ತೆ ಆಡಿ ತೋರಿಸುವ ಮರುನಟನೆಯ ಗುಂಪು ಸೇರಬಹುದು. ಬಯಲು ಮ್ಯೂಸಿಯಂನಲ್ಲಿ ಆ ಕಾಲದ ಬದುಕನ್ನು ಜನರ ಮುಂದೆ ಬದುಕಿ ತೋರಿಸಬಹುದು. ಒಂದು ಹಳೆಯ ಕಸುಬು ಕಲಿಯಬಹುದು. ಕೊನೆಗೆ, ಇದನ್ನೇ ಉದ್ಯೋಗ ಮಾಡಿಕೊಳ್ಳಬಹುದು. ಇವುಗಳಲ್ಲಿ ನಾಲ್ಕನ್ನು ನಾನು ಮಾಡಿದ್ದೇನೆ. ಉಳಿದವನ್ನು ಹತ್ತಿರದಿಂದ ನೋಡಿದ್ದೇನೆ. "ಎಲ್ಲಾ ಚೆನ್ನಾಗಿದೆ, ಆದರೆ ಯಾವುದರಿಂದ ಶುರು ಮಾಡಲಿ?" ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ಸಾಮಾನ್ಯವಾಗಿ ಜನ ತಮಗೆ ಯಾವ ಕಾಲ ಇಷ್ಟ ಎಂದು ನೋಡಿ ದಾರಿ ಆರಿಸುತ್ತಾರೆ. ರೋಮ್ ಇಷ್ಟ, ಹಾಗಾಗಿ ರೋಮನ್ ಸೈನಿಕರ ಗುಂಪು. ತಪ್ಪೇನಿಲ್ಲ. ಆದರೆ ಆ ಇಷ್ಟ ಒಂದೇ ನಿಮ್ಮನ್ನು ಎರಡನೇ ವರ್ಷಕ್ಕೆ ದಾಟಿಸುವುದಿಲ್ಲ. ಪ್ರತಿ ದಾರಿಯಲ್ಲೂ ಒಂದು ಸಪ್ಪೆ ಕೆಲಸ ಇರುತ್ತದೆ, ಅದು ಒಂದೊಂದರಲ್ಲಿ ಒಂದೊಂದು ಥರ. ಒಂದರಲ್ಲಿ ಅದೇ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಹೇಳಬೇಕು. ಇನ್ನೊಂದರಲ್ಲಿ ಮಧ್ಯಾಹ್ನವಿಡೀ ಯಾರ ಜೊತೆಗೂ ಮಾತಿಲ್ಲದೆ ಗುಂಡಿಗಳನ್ನು ಎಣಿಸಿ ಪಟ್ಟಿ ಮಾಡಬೇಕು. ಮತ್ತೊಂದರಲ್ಲಿ ಒದ್ದೆಯಾದ ಡೇರೆಯನ್ನು ಮಡಚಿ ಮನೆಗೆ ತಂದು ಒಣಗಿಸಬೇಕು. ಯಾವ ಸಪ್ಪೆ ಕೆಲಸ ನಿಮಗೆ ಸಪ್ಪೆ ಅನಿಸುವುದಿಲ್ಲವೋ ಅದು ನಿಮ್ಮ ದಾರಿ. ನಾನು ಮೊದಲು ಹಿಡಿಯುವ ಅಳತೆಗೋಲು ಇದೇ.

ಎರಡನೆಯದು ಸಮಯ. ಎಷ್ಟು ಸಮಯ ಇದೆ ಅನ್ನುವುದಕ್ಕಿಂತ ಅದು ಹೇಗೆ ಸಿಗುತ್ತದೆ ಅನ್ನುವುದು ಮುಖ್ಯ. ವಾರಕ್ಕೊಂದು ಮಧ್ಯಾಹ್ನ ತಪ್ಪದೆ ಕೊಡಬಲ್ಲಿರಾ? ಹಾಗಾದರೆ ಮ್ಯೂಸಿಯಂ ಕೆಲಸ ಒಗ್ಗುತ್ತದೆ. ವಾರವಿಡೀ ಪುರುಸೊತ್ತಿಲ್ಲ, ವರ್ಷಕ್ಕೆ ಐದಾರು ವಾರಾಂತ್ಯ ಮಾತ್ರ ಪೂರ್ತಿ ಸಿಗುತ್ತದೆ ಅನ್ನುವವರಿಗೆ ಮರುನಟನೆ. ರಾತ್ರಿ ಮನೆಯವರು ಮಲಗಿದ ಮೇಲೆ ಅರ್ಧ ಗಂಟೆ ಮಾತ್ರ ಅನ್ನುವವರಿಗೂ ಒಂದು ದಾರಿ ಇದೆ.

ಮೂರನೆಯದು ದುಡ್ಡು. ಮ್ಯೂಸಿಯಂ ಸ್ವಯಂಸೇವೆಯಲ್ಲಿ ಹೆಚ್ಚುಕಡಿಮೆ ಓಡಾಟದ ಖರ್ಚು ಅಷ್ಟೇ. ಮರುನಟನೆಯಲ್ಲಿ ಉಡುಪು, ಪಾದರಕ್ಷೆ, ಡೇರೆ ಎಲ್ಲವೂ ಒಂದೊಂದಾಗಿ ನಿಮ್ಮ ಜೇಬಿನಿಂದಲೇ ಆಗಬೇಕು.

ನಾಲ್ಕನೆಯದು: ಜನ ಬೇಕಾ, ವಸ್ತು ಬೇಕಾ? ಕೆಲವರಿಗೆ ಅಪರಿಚಿತರ ಜೊತೆ ಮಾತಾಡಿದಷ್ಟೂ ಹುರುಪು ಬರುತ್ತದೆ. ಕೆಲವರು ಎರಡು ಗಂಟೆಗೇ ಸುಸ್ತಾಗುತ್ತಾರೆ. ಇದರಲ್ಲಿ ಸರಿ ತಪ್ಪು ಇಲ್ಲ. ನಿಮ್ಮ ಬಗ್ಗೆ ನೀವೇ ಪ್ರಾಮಾಣಿಕವಾಗಿದ್ದರೆ ಸಾಕು.

ಕೊನೆಯದನ್ನು ಬಹಳ ಜನ ಯೋಚಿಸುವುದೇ ಇಲ್ಲ. ತಪ್ಪಿನ ಬೆಲೆ ಏನು? ಟೈಪ್ ಮಾಡುವಾಗ ಒಂದು ಪದ ತಪ್ಪಿದರೆ ಇನ್ನೊಬ್ಬರು ತಿದ್ದುತ್ತಾರೆ. ಸ್ಟೋರ್‌ನಲ್ಲಿ ಒಂದು ಬಟ್ಟಲು ಕೈ ಜಾರಿದರೆ ಯಾರೂ ತಿದ್ದಲಾರರು. ಮಕ್ಕಳ ಮುಂದೆ ತಪ್ಪು ಸಂಗತಿ ಹೇಳಿದರೆ ಅದು ಅವರ ಜೊತೆ ಎಷ್ಟು ವರ್ಷ ಉಳಿಯುತ್ತದೋ ಯಾರಿಗೆ ಗೊತ್ತು?

ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ. ಜಗತ್ತಿನ ಮ್ಯೂಸಿಯಂಗಳ ಒಕ್ಕೂಟವಾದ ಐಕಾಮ್ 1946ರಲ್ಲಿ ಹುಟ್ಟಿತು. 2022ರಲ್ಲಿ ಪ್ರಾಗ್‌ನಲ್ಲಿ ಸೇರಿದಾಗ ಅದು ಮ್ಯೂಸಿಯಂ ಎಂದರೇನು ಅನ್ನುವುದಕ್ಕೆ ಹೊಸ ವ್ಯಾಖ್ಯೆ ಒಪ್ಪಿಕೊಂಡಿತು. ಅದರಲ್ಲಿ ಐದು ಕೆಲಸಗಳಿವೆ: ಸಂಶೋಧಿಸುವುದು, ಸಂಗ್ರಹಿಸುವುದು, ಕಾಪಾಡುವುದು, ಅರ್ಥ ಬಿಡಿಸಿ ಹೇಳುವುದು, ಪ್ರದರ್ಶಿಸುವುದು. ನೋಡಲು ಬರುವ ನಮಗೆ ಕಾಣುವುದು ಕೊನೆಯ ಎರಡು ಮಾತ್ರ. ಮೊದಲ ಮೂರು ಗೋಡೆಯ ಆಚೆ ನಡೆಯುತ್ತವೆ. ಬಾಗಿಲು ತಟ್ಟುವ ಮುನ್ನ ಇದು ಗೊತ್ತಿದ್ದರೆ ಒಳ್ಳೆಯದು.

ಮನೆಯಿಂದಲೇ: ಹಳೆಯ ಕೈಬರಹ ಓದುವುದು

ಅತಿ ಕಡಿಮೆ ಖರ್ಚಿನ, ಅತಿ ಸುಲಭದ ಬಾಗಿಲು ಇದು. ಅಮೆರಿಕದ ಮ್ಯೂಸಿಯಂ ಸಂಸ್ಥೆಯಾದ ಸ್ಮಿತ್ಸೋನಿಯನ್ 2013ರಲ್ಲಿ ಟ್ರಾನ್ಸ್‌ಕ್ರಿಪ್ಶನ್ ಸೆಂಟರ್ ಎಂಬ ವೆಬ್ ತಾಣ ಶುರು ಮಾಡಿತು. ಹಳೆಯ ಡೈರಿ, ಪತ್ರ, ವಿಜ್ಞಾನಿಗಳ ಟಿಪ್ಪಣಿ ಪುಸ್ತಕಗಳ ಚಿತ್ರಗಳು ಅಲ್ಲಿರುತ್ತವೆ. ಒಬ್ಬರು ಓದಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ತಾಳೆ ನೋಡುತ್ತಾರೆ. ಝೂನಿವರ್ಸ್ ಎಂಬ ತಾಣದಲ್ಲೂ ಇಂಥ ಯೋಜನೆಗಳು ಬರುತ್ತಿರುತ್ತವೆ. ಈಜಿಪ್ಟ್‌ನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಗದ) ಚೂರುಗಳ ಅಕ್ಷರ ಗುರುತಿಸಲು ಅಲ್ಲಿ ಸಾವಿರಾರು ಜನ ನೆರವಾಗಿದ್ದರು.

ಇದರಲ್ಲಿ ಸಿಗುವ ಸುಖ ಬೇರೆಯೇ. ಇಡೀ ವಾರ ಒಬ್ಬರದೇ ಕೈಬರಹ ಓದುತ್ತಿದ್ದರೆ, ಅವರು ಯಾವ ದಿನ ಅವಸರದಲ್ಲಿದ್ದರು, ಯಾವ ದಿನ ನಿಧಾನವಾಗಿ ಬರೆದರು ಅನ್ನುವುದು ಅಕ್ಷರದಲ್ಲೇ ತಿಳಿಯತೊಡಗುತ್ತದೆ. ಕೊರತೆಯೂ ಇದೆ. ವಸ್ತುವನ್ನು ಮುಟ್ಟುವುದಿಲ್ಲ. ಜೊತೆಗಾರರ ಮುಖ ನೋಡುವುದಿಲ್ಲ. ಒಂಟಿತನ ಕಾಡುವವರು ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ಗೈಡ್ ಆಗುವುದು

ಹೆಚ್ಚಿನ ಮ್ಯೂಸಿಯಂಗಳು ಸ್ವಯಂಸೇವಕರಿಗೆ ಮೊದಲು ಕೊಡುವ ಕೆಲಸ ಇದು. ತರಬೇತಿ ಇರುತ್ತದೆ, ಓದಲು ಸಾಮಗ್ರಿ ಕೊಡುತ್ತಾರೆ, ಹಳಬರ ಜೊತೆ ಕೆಲವು ದಿನ ಸುಮ್ನೆ ಹಿಂದೆ ಹಿಂದೆ ಸುತ್ತಬೇಕಾಗುತ್ತದೆ. ಆ ಸುತ್ತಾಟವನ್ನು ಬಿಡಬೇಡಿ. ಪುಸ್ತಕಕ್ಕಿಂತ ಜಾಸ್ತಿ ಕಲಿಯುವುದು ಅಲ್ಲೇ.

ನಾನು ಗೈಡ್ ಆದ ಮೊದಲ ತಿಂಗಳು ರಕ್ಷಾಕವಚಗಳ ಕೋಣೆಯಲ್ಲಿದ್ದೆ. ಯುರೋಪಿನ ನೈಟ್ ಎಂಬ ಕುದುರೆ ಸವಾರ ಯೋಧರ ಕವಚ ಎಷ್ಟು ಭಾರ ಎಂದರೆ ಅವರನ್ನು ಕ್ರೇನಿನಿಂದ ಎತ್ತಿ ಕುದುರೆ ಮೇಲೆ ಕೂರಿಸುತ್ತಿದ್ದರು ಎಂದು ಒಂದು ಗುಂಪಿಗೆ ಹೇಳಿದೆ. ಎಲ್ಲೋ ಕೇಳಿದ್ದ ಮಾತು. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿ, "ಅದು ನಿಮಗೆ ಹೇಗೆ ಗೊತ್ತು?" ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಮನೆಗೆ ಬಂದು ಹುಡುಕಿದರೆ ಅದು ಪೂರಾ ಸುಳ್ಳು. ಯುದ್ಧಕ್ಕೆ ತೊಡುತ್ತಿದ್ದ ಉಕ್ಕಿನ ಕವಚದ ತೂಕ ಸುಮಾರು 15ರಿಂದ 25 ಕಿಲೋ. ಅದೂ ಮೈಮೇಲೆಲ್ಲ ಹಂಚಿಹೋಗಿರುತ್ತದೆ. ತೊಟ್ಟವರು ತಾವೇ ಕುದುರೆ ಏರುತ್ತಿದ್ದರು, ಬಿದ್ದರೆ ತಾವೇ ಏಳುತ್ತಿದ್ದರು. ಆ ಗುಂಪಿನ ಮೂವತ್ತು ಮಕ್ಕಳಿಗೆ ನಾನು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಆಗಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅಂದಿನಿಂದ ಏನು ಹೇಳಬೇಕಾದರೂ ಆ ಹುಡುಗಿಯ ಪ್ರಶ್ನೆಯನ್ನು ಮೊದಲು ನನಗೆ ನಾನೇ ಕೇಳಿಕೊಳ್ಳುತ್ತೇನೆ.

ಗೈಡ್ ಕೆಲಸದ ದೊಡ್ಡ ಲಾಭ ಈ ಪ್ರಶ್ನೆಗಳೇ. ನಿಮಗೆ ಗೊತ್ತಿದೆ ಅಂದುಕೊಂಡಿದ್ದರಲ್ಲಿ ಎಲ್ಲೆಲ್ಲಿ ತೂತಿದೆ ಎಂದು ಬಂದವರು ತೋರಿಸಿಕೊಡುತ್ತಾರೆ. ಸಪ್ಪೆ ಭಾಗ ಎಂದರೆ ಪುನರಾವರ್ತನೆ. ಜೊತೆಗೆ, ಬಹಳ ಹೊತ್ತು ನಿಂತೇ ಇರಬೇಕು. ಮಂಡಿನೋವು ಇದ್ದವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಎಷ್ಟೋ ಕಡೆ ಕೂತು ಮಾಡುವ ಕೆಲಸವೂ ಇರುತ್ತದೆ. ಬಂದವರ ಕೈಗೆ ಕೊಡಬಹುದಾದ ವಸ್ತುಗಳ ಮೇಜು ನೋಡಿಕೊಳ್ಳುವುದು ಅಂಥದ್ದು. ನನ್ನನ್ನು ಕೇಳಿದರೆ ಅದು ನಿಂತು ಭಾಷಣ ಮಾಡುವುದಕ್ಕಿಂತ ಚೆನ್ನ.

ಸ್ಟೋರ್‌ನ ಕೆಲಸ

ದೊಡ್ಡ ಮ್ಯೂಸಿಯಂಗಳಲ್ಲಿ ಜನರಿಗೆ ಕಾಣುವುದು ಸಂಗ್ರಹದ ಒಂದು ಸಣ್ಣ ಪಾಲು. ಉಳಿದದ್ದೆಲ್ಲ ಒಳಗೆ, ಕಪಾಟುಗಳಲ್ಲಿ, ಆಮ್ಲವಿಲ್ಲದ ಕಾಗದ ಸುತ್ತಿಕೊಂಡು ಮಲಗಿರುತ್ತದೆ. ಪಟ್ಟಿ ಮಾಡುವುದು, ಅಳೆಯುವುದು, ಫೋಟೋ ತೆಗೆಯುವುದು, ಹುಳ ಬಿದ್ದಿದೆಯಾ ನೋಡುವುದು: ಎಷ್ಟು ಕೈ ಇದ್ದರೂ ಸಾಲದು.

ಒಂದೇ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಒಂದು ವಸ್ತು ಮ್ಯೂಸಿಯಂಗೆ ಸೇರಿದ ಕೂಡಲೇ ಅದಕ್ಕೊಂದು ನಂಬರ್ ಬೀಳುತ್ತದೆ. ಬಹಳ ಕಡೆ ಅದು 2019.12.3 ಅನ್ನುವ ಥರ ಇರುತ್ತದೆ. 2019ರಲ್ಲಿ ಬಂದ ಹನ್ನೆರಡನೇ ಗಂಟು, ಅದರಲ್ಲಿನ ಮೂರನೇ ವಸ್ತು ಎಂದು ಅರ್ಥ. ಈ ನಂಬರ್ ಕಳೆದರೆ ವಸ್ತು ಅನಾಥ. ಅದು ಯಾರ ಮನೆಯದು, ಯಾವ ಊರಿನದು, ಎಲ್ಲವೂ ಆ ನಂಬರ್‌ಗೇ ಅಂಟಿಕೊಂಡಿರುತ್ತದೆ. ಹಾಗಾದರೆ ನಂಬರನ್ನು ವಸ್ತುವಿನ ಮೇಲೆ ಬರೆಯುವುದು ಹೇಗೆ? ಪಿಂಗಾಣಿ ಬಟ್ಟಲಾದರೆ ತಳದಲ್ಲಿ, ಕಣ್ಣಿಗೆ ಬೀಳದ ಕಡೆ, ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ತೆಳ್ಳಗೆ ಸವರುತ್ತಾರೆ. ಅದು ಒಣಗಿದ ಮೇಲೆ ಸಣ್ಣ ನಿಬ್ಬಿನಿಂದ ಶಾಯಿಯಲ್ಲಿ ನಂಬರ್. ಅದರ ಮೇಲೆ ಮತ್ತೊಂದು ಪದರ. ಬಟ್ಟಲಿಗೆ ಶಾಯಿ ತಾಗಿರುವುದೇ ಇಲ್ಲ. ನಾಳೆ ತೆಗೆಯಬೇಕೆಂದರೆ ಅಸಿಟೋನ್ ಎಂಬ ದ್ರಾವಕ ಹಚ್ಚಿದರೆ ಸಾಕು, ಗುರುತೂ ಉಳಿಯದೆ ಹೋಗುತ್ತದೆ. ಬಟ್ಟೆಯಾದರೆ ಇದು ನಡೆಯುವುದಿಲ್ಲ. ಹತ್ತಿಯ ಪಟ್ಟಿಯ ಮೇಲೆ ನಂಬರ್ ಬರೆದು, ಅದನ್ನು ನಾಲ್ಕೇ ನಾಲ್ಕು ಸಡಿಲ ಹೊಲಿಗೆಯಿಂದ ಕೂರಿಸುತ್ತಾರೆ. ಸೂಜಿ ನೂಲೆಳೆಯನ್ನು ಚುಚ್ಚಬಾರದು. ಎರಡು ಎಳೆಗಳ ನಡುವಿನ ಸಂದಿಯಲ್ಲಿ ನುಸುಳಬೇಕು. ಮೊದಲ ಸಲ ಒಂದು ಮಗುವಿನ ಅಂಗಿಗೆ ಹೀಗೆ ಪಟ್ಟಿ ಹೊಲಿಯಲು ನನಗೆ ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಉಸಿರು ಬಿಗಿಹಿಡಿದಿದ್ದೆ.

ಇದನ್ನು ಓದುವಾಗ ನಿಮಗೆ ಖುಷಿಯಾಯಿತಾ, ಬೇಜಾರಾಯಿತಾ? ಉತ್ತರ ಅಲ್ಲೇ ಇದೆ.

ಇಲ್ಲಿ ಕಲಿಯುವ ಸಣ್ಣ ಸಣ್ಣ ಸಂಗತಿಗಳು ಬಹಳ. ಹಳೆಯ ಕಾಗದ ಮುಟ್ಟಲು ಬಿಳಿ ಹತ್ತಿ ಕೈಗವಸು ಬೇಕು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅನೇಕ ದೊಡ್ಡ ಗ್ರಂಥಾಲಯಗಳು ಈಗ ಹೇಳುವುದು ಬೇರೆ: ತೊಳೆದು ಒಣಗಿಸಿದ ಬರಿಗೈಯೇ ಉತ್ತಮ. ಗವಸು ಹಾಕಿದರೆ ಬೆರಳಿಗೆ ಪುಟದ ಅಂಚು ತಿಳಿಯದೆ ಹರಿದುಹೋಗಬಹುದು. ಲೋಹಕ್ಕೆ, ಫೋಟೋಗಳಿಗೆ ಮಾತ್ರ ನೈಟ್ರೈಲ್ ಎಂಬ ಕೃತಕ ರಬ್ಬರಿನ ಗವಸು. ಬಟ್ಟೆ ಇರುವ ಕೋಣೆಯಲ್ಲಿ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ದಾಟಬಾರದು. ಉಣ್ಣೆಗೆ ಹುಳ ಬಿದ್ದಿದ್ದರೆ ಚೆನ್ನಾಗಿ ಸುತ್ತಿ, ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿ ಆಸುಪಾಸಿನ ಫ್ರೀಜರ್‌ನಲ್ಲಿ ಎರಡು ವಾರ ಇಡುತ್ತಾರೆ.

ಕೊಡಬೇಕಾದ ಬೆಲೆಯೂ ಇದೆ. ವಾರ ತಪ್ಪಿಸುವ ಹಾಗಿಲ್ಲ, ಏಕೆಂದರೆ ಅರ್ಧಕ್ಕೆ ಬಿಟ್ಟ ಪಟ್ಟಿ ಮಾಡದ ಪಟ್ಟಿಗಿಂತ ಕೆಟ್ಟದ್ದು. ಹೊಸಬರಿಗೆ ಈ ಬಾಗಿಲು ಬೇಗ ತೆರೆಯುವುದಿಲ್ಲ. ನಂಬಿಕೆ ಬರಬೇಕಲ್ವಾ? ಗೈಡ್ ಆಗಿಯೋ, ಆಫೀಸಿನ ಕೆಲಸಕ್ಕೆ ಕೈಜೋಡಿಸಿಯೋ ಆರು ತಿಂಗಳು ಕಳೆದ ಮೇಲೆ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ಮುಂದೆ ಇದೇ ಕ್ಷೇತ್ರದಲ್ಲಿ ಉದ್ಯೋಗ ಬೇಕು ಅನ್ನುವವರಿಗೆ ಇಷ್ಟು ಕೆಲಸಕ್ಕೆ ಬರುವ ಅನುಭವ ಬೇರೆ ಯಾವ ಸ್ವಯಂಸೇವೆಯಲ್ಲೂ ಇಲ್ಲ ಎಂದು ನಾನು ನಂಬುತ್ತೇನೆ.

ಮರುನಟನೆಯ ಗುಂಪು

ಇಲ್ಲಿ ಇತಿಹಾಸ ಮೈಮೇಲೆ ಬರುತ್ತದೆ. ಇಂಗ್ಲೆಂಡಿನಲ್ಲಿ ಸೀಲ್ಡ್ ನಾಟ್ ಎಂಬ ಗುಂಪು 1968ರಿಂದ 17ನೇ ಶತಮಾನದ ಅಂತರ್ಯುದ್ಧದ ಕಾಳಗಗಳನ್ನು ಮರುನಟಿಸುತ್ತಿದೆ. 1972ರಲ್ಲಿ ಶುರುವಾದ ಅರ್ಮಿನ್ ಸ್ಟ್ರೀಟ್ ಗಾರ್ಡ್ ರೋಮನ್ ಸೈನ್ಯದ ಸಲಕರಣೆಗಳನ್ನು ಅಗೆತದಲ್ಲಿ ಸಿಕ್ಕ ತುಣುಕುಗಳ ಆಧಾರದ ಮೇಲೆ ಮರುಸೃಷ್ಟಿಸಿ ತೊಡುತ್ತದೆ. ಲೋಹದ ಪಟ್ಟಿಗಳಿಂದ ಮಾಡಿದ ಕವಚದ ಬಕಲ್ ಎಲ್ಲಿ ಕಿತ್ತು ಬರುತ್ತದೆ, ತೊಗಲು ಎಲ್ಲಿ ಸವೆಯುತ್ತದೆ ಅನ್ನುವುದು ಓದಿ ತಿಳಿಯುವಂಥದ್ದಲ್ಲ. ತೊಟ್ಟು ನಡೆದೇ ತಿಳಿಯಬೇಕು.

ಖರ್ಚಿನ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಹೊಸಬರು ಎಡವುವುದು ಇಲ್ಲೇ. ಮೊದಲು ಕಣ್ಣು ಹೋಗುವುದು ಕತ್ತಿಯ ಮೇಲೆ. ದಯವಿಟ್ಟು ಕತ್ತಿ ಕೊಳ್ಳಬೇಡಿ. ಮೊದಲ ವರ್ಷ ಅದು ಬೇಕಾಗುವುದೇ ಇಲ್ಲ. ತರಬೇತಿ ಆಗದೆ ಯಾವ ಒಳ್ಳೆಯ ಗುಂಪೂ ನಿಮ್ಮನ್ನು ಕಣಕ್ಕೆ ಬಿಡುವುದಿಲ್ಲ. ಮೊದಲು ಬೇಕಾದದ್ದು ಮೈಗೆ ತಾಗುವ ಒಳಅಂಗಿ ಮತ್ತು ಪಾದರಕ್ಷೆ. ಅಂಗಿಯನ್ನು ನೀವೇ ಹೊಲಿಯಬಹುದು. 18ನೇ ಶತಮಾನದ ಲಿನನ್ ಅಂಗಿಯಲ್ಲಿ ಎಲ್ಲ ತುಂಡುಗಳೂ ಚೌಕ ಅಥವಾ ಉದ್ದ ಚೌಕ. ಕಂಕುಳಲ್ಲಿ ಒಂದು ಸಣ್ಣ ಚೌಕವನ್ನು ಮೂಲೆಯಾಗಿಸಿ ಕೂರಿಸಿದರೆ ತೋಳು ಸಲೀಸಾಗಿ ಏಳುತ್ತದೆ. ಬಟ್ಟೆ ಚೂರೂ ವ್ಯರ್ಥವಾಗುವುದಿಲ್ಲ. ನೂಲುವುದು, ನೇಯುವುದು ಎಷ್ಟು ಕಷ್ಟದ ಕೆಲಸವಾಗಿತ್ತು ಅನ್ನುವುದು ಆ ಕತ್ತರಿಸುವ ಕ್ರಮದಲ್ಲೇ ಗೊತ್ತಾಗುತ್ತದೆ.

ಪಾದರಕ್ಷೆಗೆ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ತೊಗಲಿನ ನುಣುಪು ಅಟ್ಟೆ ಒದ್ದೆ ಹುಲ್ಲಿನ ಮೇಲೆ ಜಾರುತ್ತದೆ. ಅಳತೆಗೆ ಸರಿಯಾಗಿ ಮಾಡಿಸಿಕೊಳ್ಳದಿದ್ದರೆ ಪೆಟ್ಟಾಗುತ್ತದೆ. ಉಳಿದದ್ದನ್ನೆಲ್ಲ ಗುಂಪಿನಿಂದ ಎರವಲು ಪಡೆಯಿರಿ. ಹೊಸಬರಿಗಾಗಿ ಸಾಲದ ಉಡುಪು ಇಟ್ಟಿರುವ ಗುಂಪುಗಳು ಎಷ್ಟೋ ಇವೆ. ಬಟ್ಟೆ ಕೊಳ್ಳುವಾಗ ಸಿಂಥೆಟಿಕ್ ಬೇಡ. ಅದು ಆ ಕಾಲದ್ದಲ್ಲ ಅನ್ನುವುದಷ್ಟೇ ಕಾರಣ ಅಲ್ಲ. ಕ್ಯಾಂಪಿನಲ್ಲಿ ಬೆಂಕಿ ಇರುತ್ತದೆ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಕರಕಲಾಗುತ್ತದೆ. ಸಿಂಥೆಟಿಕ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಕಾಳಗ ನಡೆಯುವುದು ಅರ್ಧ ಗಂಟೆ, ಒಂದು ಗಂಟೆ. ಉಳಿದ ಇಡೀ ವಾರಾಂತ್ಯ ಕ್ಯಾಂಪಿನ ಬದುಕು: ಸೌದೆ ಸೀಳುವುದು, ಅಡುಗೆ, ಹೊಲಿಗೆ, ಬಂದವರ ಜೊತೆ ಮಾತು. ಅದು ಇಷ್ಟವಾದರೆ ಮಾತ್ರ ಈ ದಾರಿ ಹಿಡಿಯಿರಿ. ಹೋರಾಟ ಬೇಡ, ಕ್ಯಾಂಪ್ ಮಾತ್ರ ಸಾಕು ಅನ್ನುವವರಿಗೂ ಧಾರಾಳ ಜಾಗ ಇದೆ. ಇಡೀ ಕುಟುಂಬ ಒಟ್ಟಿಗೆ ಹೋಗಬಹುದಾದ ದಾರಿಯೂ ಹೆಚ್ಚುಕಡಿಮೆ ಇದೊಂದೇ.

ಗುಂಪು ಆರಿಸುವಾಗ ಒಂದು ಮಾತು. ಪ್ರತಿ ಗುಂಪಿನಲ್ಲೂ ನಿಖರತೆಗೆ ಒಂದು ಮಟ್ಟ ಇರುತ್ತದೆ. ಕೆಲವರು ಒಳಹೊಲಿಗೆಯೂ ಕೈಯಲ್ಲೇ ಆಗಿರಬೇಕು ಅನ್ನುತ್ತಾರೆ. ಕೆಲವರು ಹತ್ತಡಿ ದೂರದಿಂದ ಸರಿ ಕಂಡರೆ ಸಾಕು ಅನ್ನುತ್ತಾರೆ. ಎರಡೂ ನಡೆಯುತ್ತದೆ, ಆದರೆ ನಿಮ್ಮ ಮಟ್ಟ ಮತ್ತು ಗುಂಪಿನ ಮಟ್ಟ ಹೊಂದಬೇಕು. ಇಲ್ಲದಿದ್ದರೆ ದುಡ್ಡಿನ ವಿಷಯಕ್ಕೋ ಅಭಿಮಾನದ ವಿಷಯಕ್ಕೋ ಮನಸ್ತಾಪ ಬರುತ್ತದೆ.

ಬಯಲು ಮ್ಯೂಸಿಯಂನಲ್ಲಿ ಪಾತ್ರವಾಗುವುದು

ಸ್ಟಾಕ್‌ಹೋಮ್‌ನಲ್ಲಿ ಆರ್ಟುರ್ ಹಾಜೇಲಿಯುಸ್ 1891ರಲ್ಲಿ ಸ್ಕಾನ್ಸೆನ್ ತೆರೆದರು. ಸ್ವೀಡನ್ನಿನ ಬೇರೆ ಬೇರೆ ಕಡೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ, ಒಳಗೆ ಆ ಬದುಕನ್ನೂ ತೋರಿಸಿದರು. ಈ ಬಗೆಯ ಮ್ಯೂಸಿಯಂಗಳಿಗೆ ಅದೇ ದಾರಿ ಹಾಕಿಕೊಟ್ಟಿತು. ಅಮೆರಿಕದ ವರ್ಜೀನಿಯಾದಲ್ಲಿ 1926ರಿಂದ ರಾಕ್‌ಫೆಲ್ಲರ್ ಹಣದಲ್ಲಿ ಇಡೀ ವಿಲಿಯಮ್ಸ್‌ಬರ್ಗ್ ಪಟ್ಟಣವನ್ನೇ 18ನೇ ಶತಮಾನಕ್ಕೆ ಮರಳಿಸುವ ಕೆಲಸ ಶುರುವಾಯಿತು.

ಇಲ್ಲಿ ಎರಡು ಶೈಲಿಗಳಿವೆ. ಒಂದರಲ್ಲಿ ನೀವು ಆ ಕಾಲದ ವ್ಯಕ್ತಿಯೇ. "ಫೋಟೋ ತೆಗೀಲಾ?" ಎಂದರೆ ಹಾಗಂದರೇನು ಎಂದು ನಿಜವಾಗಿ ಗೊತ್ತಿಲ್ಲದವರಂತೆ ಕೇಳಬೇಕು. ಇನ್ನೊಂದರಲ್ಲಿ ಉಡುಪು ಹಳೆಯದು, ಮಾತು ಇವತ್ತಿನದು. "ಅವರು ಹೀಗೆ ಮಾಡುತ್ತಿದ್ದರು, ನಮಗೆ ಇದು ಹೀಗೆ ತಿಳಿಯಿತು" ಎಂದು ವಿವರಿಸಬಹುದು. ಅಮೆರಿಕದಲ್ಲೇ 1947ರಲ್ಲಿ ಶುರುವಾದ ಪ್ಲಿಮತ್ ಮ್ಯೂಸಿಯಂನಲ್ಲಿ ಎರಡನ್ನೂ ಅಕ್ಕಪಕ್ಕ ನೋಡಬಹುದು. ಅಲ್ಲಿಗೆ ವಲಸೆ ಬಂದ 17ನೇ ಶತಮಾನದ ಇಂಗ್ಲಿಷರ ಹಳ್ಳಿಯಲ್ಲಿ ಎಲ್ಲರೂ ಪಾತ್ರದೊಳಗೇ ಇರುತ್ತಾರೆ. ಆದರೆ ಅಲ್ಲಿನ ಮೂಲನಿವಾಸಿಗಳ ನೆಲೆಯಲ್ಲಿ ಕೆಲಸ ಮಾಡುವ ಮೂಲನಿವಾಸಿಗಳು ಪಾತ್ರ ಮಾಡುವುದಿಲ್ಲ. ತಮ್ಮ ಪೂರ್ವಜರ ಬಗ್ಗೆ ಇಂದಿನವರಾಗಿಯೇ ಮಾತಾಡುತ್ತಾರೆ. ನಾವು ಮ್ಯೂಸಿಯಂ ವಸ್ತುಗಳಲ್ಲ, ಇನ್ನೂ ಇಲ್ಲೇ ಇದ್ದೇವೆ ಎಂದು ಆ ಮಾತಿನ ರೀತಿಯೇ ಹೇಳುತ್ತದೆ. 2020ರಲ್ಲಿ ಮ್ಯೂಸಿಯಂ ತನ್ನ ಹೆಸರಿಗೇ ಪಟಕ್ಸೆಟ್ ಎಂಬ ಆ ಜಾಗದ ಮೂಲ ಹೆಸರನ್ನು ಸೇರಿಸಿಕೊಂಡಿತು.

ಪಾತ್ರದೊಳಗೆ ಇರುವುದು ಬಲವಾದ ಶೈಲಿ. ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಅಲ್ಲಿ ಜಾಗ ಕಡಿಮೆ. ನೋವಿನ ವಿಷಯ ಬಂದಾಗ ಇನ್ನೂ ಕಷ್ಟ. 1994ರ ಅಕ್ಟೋಬರ್‌ನಲ್ಲಿ ವಿಲಿಯಮ್ಸ್‌ಬರ್ಗ್‌ನಲ್ಲಿ ಗುಲಾಮರ ಹರಾಜನ್ನು ಮರುನಟಿಸಿದರು. ಅದನ್ನು ರೂಪಿಸಿದವರು ಅಲ್ಲಿನ ಆಫ್ರಿಕನ್ ಅಮೆರಿಕನ್ ಸಿಬ್ಬಂದಿ. ಜನ ಪ್ರತಿಭಟಿಸಿದರು, ನೋಡಿ ಕಣ್ಣೀರಿಟ್ಟವರೂ ಇದ್ದರು. ಇಂಥದ್ದನ್ನು ತೋರಿಸಬೇಕೋ ಬೇಡವೋ ಎಂಬ ಚರ್ಚೆ ಈಗಲೂ ಮುಗಿದಿಲ್ಲ. ಹೊಸಬರು ವಿವರಿಸುವ ಶೈಲಿಯಿಂದ ಶುರು ಮಾಡಿ ಅನ್ನುವುದು ನನ್ನ ಗಟ್ಟಿ ಸಲಹೆ. "ಹೇಗೆ ಗೊತ್ತು?" ಎಂದು ಮಕ್ಕಳು ಕೇಳಿದಾಗ ನೇರವಾಗಿ ಉತ್ತರ ಕೊಡಬಹುದು.

ಉಡುಪಿನ ಖರ್ಚು ಇಲ್ಲಿ ಸಾಮಾನ್ಯವಾಗಿ ಮ್ಯೂಸಿಯಂನದೇ. ಸ್ವಯಂಸೇವಕರ ಜೊತೆ ಸಂಬಳದವರೂ ಇರುತ್ತಾರೆ. ಬಿಸಿಲು, ಚಳಿ, ಒಲೆಯ ಹೊಗೆ, ದಿನವಿಡೀ ಜನ. ದೇಹಕ್ಕೆ ಇದು ಗೈಡ್ ಕೆಲಸಕ್ಕಿಂತ ಜಾಸ್ತಿ ದಣಿವು.

ಒಂದು ಕಸುಬು ಹಿಡಿಯುವುದು

ಮಾತಿಗಿಂತ ಕೈ ಮುಂದಿರುವವರಿಗೆ ಇದು. ಕಮ್ಮಾರಿಕೆ, ಕುಂಬಾರಿಕೆ, ನೇಯ್ಗೆ, ಬಣ್ಣಗಾರಿಕೆ, ಮರಗೆಲಸ, ಯಾವುದಾದರೂ ಒಂದು. ಹಳೆಯ ಸಲಕರಣೆ, ಹಳೆಯ ವಿಧಾನ. ಇದು ಬರೀ ಹವ್ಯಾಸ ಅಲ್ಲ, ಇದರಿಂದ ಇತಿಹಾಸದ ಪ್ರಶ್ನೆಗಳಿಗೆ ಉತ್ತರವೂ ಸಿಗುತ್ತದೆ.

ಇಂಗ್ಲೆಂಡಿನ ಬಟ್ಸರ್ ತೋಟ ಇದಕ್ಕೆ ಒಳ್ಳೆಯ ಉದಾಹರಣೆ. ಕಬ್ಬಿಣ ಯುಗದ ಬೇಸಾಯವನ್ನು ಪ್ರಯೋಗ ಮಾಡಿ ನೋಡಲು ಪುರಾತತ್ವಜ್ಞ ಪೀಟರ್ ರೆನಾಲ್ಡ್ಸ್ 1972ರಲ್ಲಿ ಅದನ್ನು ಶುರು ಮಾಡಿದರು. ಕಬ್ಬಿಣ ಯುಗದ ನೆಲೆಗಳಲ್ಲಿ ನೆಲಕ್ಕೆ ತೋಡಿದ ಗುಂಡಿಗಳು ಸಿಗುತ್ತವೆ. ಇವುಗಳಲ್ಲಿ ಕಾಳು ಇಡುತ್ತಿದ್ದರು ಅನ್ನುವುದಾದರೆ ಅದು ಕೊಳೆಯುತ್ತಿರಲಿಲ್ಲವೇ? ಅವರು ನಿಜವಾಗಿಯೇ ಗುಂಡಿ ತೋಡಿ, ಕಾಳು ತುಂಬಿ, ಜೇಡಿಮಣ್ಣಿನಿಂದ ಬಾಯಿ ಮುಚ್ಚಿ ಕಾದರು. ಗೋಡೆಗೆ ತಾಗಿದ ಕಾಳು ತೇವಕ್ಕೆ ಮೊಳಕೆ ಒಡೆಯಿತು. ಮೊಳಕೆಯೊಡೆಯುತ್ತಾ ಒಳಗಿನ ಆಮ್ಲಜನಕ ಖಾಲಿ ಮಾಡಿತು, ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿತು. ಮಧ್ಯದ ಕಾಳು ಹಾಗೇ ನಿದ್ದೆಯಲ್ಲಿ ಉಳಿಯಿತು. ತಿಂಗಳುಗಳಾದ ಮೇಲೆ ತೆಗೆದರೂ ಬಿತ್ತಲು ಬರುತ್ತಿತ್ತು. ಇದನ್ನು ಮೊದಲ ಸಲ ತಿಳಿದಾಗ ನನಗೆ ಆದ ಸಂತೋಷ ಹೇಳತೀರದು.

ಫ್ರಾನ್ಸಿನ ಬರ್ಗಂಡಿಯ ಗೆಡ್ಲೋನ್‌ನಲ್ಲಿ 1997ರಿಂದ 13ನೇ ಶತಮಾನದ ವಿಧಾನದಲ್ಲೇ ಒಂದು ಕೋಟೆ ಕಟ್ಟುತ್ತಿದ್ದಾರೆ. ಮನುಷ್ಯ ಒಳಗೆ ನಡೆದು ತಿರುಗಿಸುವ ಚಕ್ರದಿಂದ ಕಲ್ಲು ಮೇಲೇರುತ್ತದೆ. 2019ರಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ಚಾವಣಿ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟುವಾಗ ಓಕ್ ತೊಲೆಗಳನ್ನು ಕೊಡಲಿಯಲ್ಲೇ ಕೆತ್ತಬಲ್ಲವರು ಬೇಕಾಯಿತು. ಗೆಡ್ಲೋನ್‌ನಲ್ಲಿ ಪಳಗಿದ ಬಡಗಿಗಳು ಆ ಕೆಲಸದಲ್ಲಿದ್ದರು.

ಕಸುಬಿನ ಕಷ್ಟ ಎಂದರೆ ನಿಧಾನ. ಮೊದಲ ವರ್ಷ ಮಾಡಿದ ಯಾವುದನ್ನೂ ಯಾರಿಗೂ ತೋರಿಸುವ ಹಾಗಿರುವುದಿಲ್ಲ. ಸಲಕರಣೆಗೆ ದುಡ್ಡು, ಕೆಲಸಕ್ಕೆ ಜಾಗ, ಕಲಿಸುವ ಗುರು ಬೇಕು. ಕಮ್ಮಾರಿಕೆಗೆ ಈ ಮೂರೂ ಜಾಸ್ತಿ. ಬೆರಳಲ್ಲೇ ಪಟ್ಟಿ ನೇಯುವುದು, ತಕಲಿಯಲ್ಲಿ ನೂಲುವುದು ಇವಕ್ಕೆ ಕಡಿಮೆ. ಒಂದು ತಕಲಿ ಚೀಲದಲ್ಲೇ ಹಿಡಿಯುತ್ತದೆ.

ಉದ್ಯೋಗವಾಗಿ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಮ್ಯೂಸಿಯಂ ಹುದ್ದೆಗಳು ಕಡಿಮೆ, ಬಯಸುವವರು ಬಹಳ, ಸಂಬಳ ಓದಿಗೆ ತಕ್ಕಷ್ಟು ಸಿಗುವುದು ಅಪರೂಪ. ಪದವಿಗೆ ಸೇರುವ ಮುನ್ನ ಒಂದು ವರ್ಷವಾದರೂ ಸ್ಟೋರ್‌ನಲ್ಲೋ ಗೈಡ್ ಆಗಿಯೋ ಕಳೆಯಿರಿ. ಸಂಗ್ರಹದ ಹೊಣೆ ಹೊರುವ ಕ್ಯುರೇಟರ್ ಹುದ್ದೆ ಒಂದೇ ಅಲ್ಲ, ಸಂಗ್ರಹದ ದಾಖಲೆ, ಸಂರಕ್ಷಣೆ, ಶಿಕ್ಷಣ ವಿಭಾಗ, ಪ್ರದರ್ಶನದ ವಿನ್ಯಾಸ ಎಲ್ಲವೂ ಬೇರೆ ಬೇರೆ ಕೆಲಸ. ಒಳಗಿದ್ದರೆ ಮಾತ್ರ ಆ ಭೇದ ತಿಳಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಸಮಯವೂ ಕಡಿಮೆ, ದುಡ್ಡೂ ಕಡಿಮೆ: ಕೈಬರಹದ ಪುಟಗಳಿಂದ ಶುರು ಮಾಡಿ. ವಾರಕ್ಕೊಂದು ಮಧ್ಯಾಹ್ನ ಇದೆ, ಮಾತು ಇಷ್ಟ: ಗೈಡ್. ಅದೇ ಮಧ್ಯಾಹ್ನ ಇದೆ, ಆದರೆ ಮೌನ ಇಷ್ಟ: ಸ್ಟೋರ್‌ಗೆ ಹೆಸರು ಕೊಟ್ಟು ಕಾಯಿರಿ. ಮನೆಮಂದಿಯೆಲ್ಲ ಸೇರಿ ಹೋಗಬೇಕು: ಮರುನಟನೆ, ಅದೂ ಕ್ಯಾಂಪಿನ ಬದುಕಿಗೆ ಒತ್ತು ಕೊಡುವ ಗುಂಪು. ನಿವೃತ್ತರಾಗಿದ್ದೀರಿ, ಸಮಯ ಧಾರಾಳ, ಮೈಯಲ್ಲಿ ಕಸುವಿದೆ: ಬಯಲು ಮ್ಯೂಸಿಯಂ ನಿಮ್ಮನ್ನು ಬಹಳ ಸಂತೋಷದಿಂದ ಬರಮಾಡಿಕೊಳ್ಳುತ್ತದೆ. ಹಳೆಯ ಕಸುಬು ಗೊತ್ತಿರುವ ಅಜ್ಜನೋ ಅಜ್ಜಿಯೋ ಮನೆಯಲ್ಲೇ ಇದ್ದರೆ, ಬೇರೆ ಎಲ್ಲಕ್ಕಿಂತ ಮೊದಲು ಅವರ ಪಕ್ಕ ಹೋಗಿ ಕೂತುಕೊಳ್ಳಿ. ಮ್ಯೂಸಿಯಂ ಎಲ್ಲಿಗೂ ಹೋಗುವುದಿಲ್ಲ.

ಎರಡನ್ನು ಜೋಡಿಸುವುದೂ ಚೆನ್ನಾಗಿರುತ್ತದೆ. ಸ್ಟೋರ್ ಮತ್ತು ಹೊಲಿಗೆ ನನ್ನ ಜೋಡಿ. ಹಳೆಯ ಅಂಗಿಯ ನಂಬರ್ ಬರೆಯುವಾಗ ಅದರ ಹೊಲಿಗೆ ನೋಡುತ್ತೇನೆ, ಮನೆಯಲ್ಲಿ ಅದನ್ನೇ ಹೊಲಿಯಲು ಕೂರುತ್ತೇನೆ. ಒಂದರ ಬೇಸರವನ್ನು ಇನ್ನೊಂದು ಕಳೆಯುತ್ತದೆ. ಆದರೆ ಮೊದಲ ವರ್ಷವೇ ಮೂರು ಕಡೆ ಹೆಸರು ಕೊಡಬೇಡಿ. ಮೂರೂ ಅರ್ಧಕ್ಕೆ ನಿಲ್ಲುತ್ತವೆ.

ಸೇರುವ ಮುನ್ನ ಮ್ಯೂಸಿಯಂಗಾದರೆ ಹೀಗೆ ಕೇಳಿ: ತರಬೇತಿ ಯಾರು ಕೊಡುತ್ತಾರೆ? ಪ್ರಶ್ನೆ ಬಂದರೆ ಯಾರನ್ನು ಕೇಳಬೇಕು? ಓಡಾಟದ ಖರ್ಚು ಕೊಡುತ್ತೀರಾ? ಕೆಲಸದಲ್ಲಿ ಪೆಟ್ಟಾದರೆ ವಿಮೆ ಇದೆಯಾ? ಗುಂಪಿಗಾದರೆ: ಮೊದಲ ವರ್ಷ ಏನೇನು ಕೊಳ್ಳಲೇಬೇಕು? ಎರವಲು ಉಡುಪು ಇದೆಯಾ? ಆಯುಧದ ತರಬೇತಿ ಹೇಗೆ? ನೇರವಾಗಿ ಉತ್ತರ ಕೊಡದ ಕಡೆ ಸೇರಬೇಡಿ.

ಮತ್ತೆ, ನೋಡಲು ಹೋಗುವಾಗ ಹಬ್ಬದಂಥ ದಿನ ಹೋಗಬೇಡಿ. ಮ್ಯೂಸಿಯಂಗೆ ವಾರದ ನಡುವೆ, ಮಳೆ ಹಿಡಿದು ಯಾರೂ ಬಾರದ ದಿನ ಹೋಗಿ. ಮರುನಟನೆಯ ಕ್ಯಾಂಪಿಗೆ ಕೊನೆಯ ದಿನ ಸಂಜೆ, ಜನರೆಲ್ಲ ಹೋದ ಮೇಲೆ ಹೋಗಿ. ಎಲ್ಲರ ಕೈಯೂ ಮಸಿಯಾಗಿರುತ್ತದೆ, ಯಾರೋ ಬೂದಿ ತುಂಬುತ್ತಿರುತ್ತಾರೆ, ಯಾರೋ ಹಗ್ಗ ಸುತ್ತುತ್ತಿರುತ್ತಾರೆ. ಡೇರೆಯ ಗೂಟ ಕೀಳಲು ಒಂದು ಕೈ ಕೊಡಿ. ಮುಂದಿನ ಸಲ ಬರುತ್ತೀರಾ ಎಂದು ಅವರೇ ಕೇಳುತ್ತಾರೆ.